ಲಡಾಖಿನಿಂದ ಸಸಿಹಿತ್ಲಿಗೆ ಬರುವ ಹಕ್ಕಿಗೆ ಬೇಗ ವಯಸ್ಸಾಗ್ತದಾ?

ಮರಳದಿಬ್ಬ, ಮಂಗಳೂರು

ಒಂದು ಪ್ರಶ್ನೆ ತಲೆ ಕೊರೀತಾ ಉಂಟು, ಹಕ್ಕಿ ಬಲ್ಲವರು ಹೇಳಬೇಕು. ಸಸಿಹಿತ್ಲು, ತಣ್ಣೀರುಬಾವಿ, ಉಳ್ಳಾಲದ ಮರಳಲ್ಲಿ ಚಳಿಗಾಲ ಪೂರ್ತಿ ಕಾಣುವ ಸಣ್ಣ ಪ್ಲವರ್‌ಗಳು ಉಂಟಲ್ಲ, ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಪುನಃ ಓಡುವವು. ಅವು ಮೊಟ್ಟೆ ಇಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲಿನಲ್ಲಂತೆ. ನೂರು ಗ್ರಾಂ ತೂಗದ ಹಕ್ಕಿ ವರ್ಷಕ್ಕೆ ಎರಡು ಸಲ ಹಿಮಾಲಯ ದಾಟುವುದು ಅಂದರೆ ತಮಾಷೆಯಾ? ನಮ್ಮ ಅಂಗಳದ ಮಡಿವಾಳ ಹಕ್ಕಿಯಾದರೋ ಹುಟ್ಟಿದ ತೋಟ ಬಿಟ್ಟು ಹೋಗುವುದೇ ಇಲ್ಲ.

ಹಾಗಾದರೆ ದಿನಾ ಶಿರಾಡಿ ಘಾಟಿಯಲ್ಲಿ ಲಾರಿ ಬಿಡುವವನ ಮೈ ಬೇಗ ಹಣ್ಣಾದ ಹಾಗೆ ಈ ವಲಸೆ ಹಕ್ಕಿಗಳಿಗೂ ಬೇಗ ಮುಪ್ಪು ಬರ್ತದಾ? ಅಥವಾ ಅವುಗಳ ಮೈಯೇ ಬೇರೆ ತರದ್ದಾ?

ಗೋಳಿಬಜೆ, ಕದ್ರಿ

ಮುಪ್ಪು ಬಂದದ್ದು ಗೊತ್ತಾಗುವುದು ಹೇಗೆ ಮಾರಾಯ್ರೆ? ಹಕ್ಕಿಗೆ ಗಡ್ಡ ಬೆಳ್ಳಗಾಗ್ತದಾ?

ಗಿಡುಗನಕಣ್ಣು, ಉಳ್ಳಾಲ

ತಮಾಷೆಗೆ ಕೇಳಿದ್ದಾದರೂ ಪ್ರಶ್ನೆ ಸರಿಯಾಗಿಯೇ ಉಂಟು. ಹೆಚ್ಚಿನ ಹಕ್ಕಿಗಳಲ್ಲಿ ಮರಿಯ ಪುಕ್ಕ ಹೋಗಿ ದೊಡ್ಡದರ ಪುಕ್ಕ ಬಂದ ಮೇಲೆ ನೋಡಿ ವಯಸ್ಸು ಹೇಳಲಿಕ್ಕೆ ಬರುವುದಿಲ್ಲ. ನಾಲ್ಕು ವರ್ಷದ್ದೂ ಹದಿನಾಲ್ಕು ವರ್ಷದ್ದೂ ಒಂದೇ ತರ ಕಾಣ್ತದೆ. ಕಾಲಿಗೆ ಉಂಗುರ ಹಾಕಿ ಬಿಟ್ಟು, ವರ್ಷಗಳ ನಂತರ ಅದೇ ಹಕ್ಕಿ ಪುನಃ ಸಿಕ್ಕಿದರೆ ಮಾತ್ರ ಲೆಕ್ಕ.

ಮಿಡ್‌ವೇ ದ್ವೀಪದಲ್ಲಿ ವಿಸ್ಡಮ್ ಅಂತ ಒಂದು ಲೇಸನ್ ಆಲ್ಬಟ್ರಾಸ್ ಎಂಬ ಕಡಲಹಕ್ಕಿ ಉಂಟು. 1956ರಲ್ಲಿ ಅದರ ಕಾಲಿಗೆ ಉಂಗುರ ಹಾಕಿದ್ದು ಹಕ್ಕಿ ವಿಜ್ಞಾನಿ ಚಾಂಡ್ಲರ್ ರಾಬಿನ್ಸ್. ಆಗಲೇ ಅದು ಮೊಟ್ಟೆ ಇಡುವ ಪ್ರಾಯದ್ದು. 2024ರ ಕೊನೆಗೆ ಅದೇ ಹೆಣ್ಣು ಪುನಃ ಮೊಟ್ಟೆ ಇಟ್ಟಿತು, ವಯಸ್ಸು ಎಪ್ಪತ್ತು ದಾಟಿ! ಉಂಗುರ ಹಾಕಿದ ರಾಬಿನ್ಸ್ 2017ರಲ್ಲಿ ತೀರಿಕೊಂಡರು, ಹಕ್ಕಿ ಇನ್ನೂ ಉಂಟು. ಆಲ್ಬಟ್ರಾಸ್ ರೆಕ್ಕೆ ಬಡಿಯದೆ ಗಾಳಿಯ ಮೇಲೆ ತೇಲುವ ಜಾತಿ, ಅದನ್ನು ನಮ್ಮ ಪ್ಲವರ್ ಜೊತೆ ಹೋಲಿಸುವುದು ಬೇಡ ಅಂತ ಹೇಳಿದರೆ ಕಾಲಿನ ಪಟ್ಟಿಯಲ್ಲಿ ಬಿ95 ಅಂತ ಗುರುತಿದ್ದ ಹಕ್ಕಿ ನೋಡಿ. ಅದು ರೆಡ್ ನಾಟ್, ನಮ್ಮ ಪ್ಲವರಿನ ಹಾಗೆಯೇ ಮರಳು-ಕೆಸರಲ್ಲಿ ಹುಡುಕಿ ತಿನ್ನುವ ಹಕ್ಕಿ. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ದೆಲ್ ಫ್ಯೂಗೋದಲ್ಲಿ 1995ರಲ್ಲಿ ಉಂಗುರ ಹಾಕಿದ್ದು, 2014ರವರೆಗೂ ಕಾಣಿಸಿಕೊಂಡಿತು. ಪ್ರತಿ ವರ್ಷ ಅಲ್ಲಿಂದ ಕೆನಡಾದ ಆರ್ಕ್ಟಿಕ್, ಪುನಃ ವಾಪಸ್. ಒಟ್ಟು ಹಾರಿದ ದೂರ ಭೂಮಿಯಿಂದ ಚಂದ್ರನಿಗೆ ಹೋಗುವಷ್ಟನ್ನು ದಾಟಿತು ಅಂತ ಅದಕ್ಕೆ ಚಂದ್ರಹಕ್ಕಿ ಎಂದೇ ಹೆಸರು ಬಿತ್ತು. ದೂರ ಹಾರಿದ ಮಾತ್ರಕ್ಕೆ ಆಯುಷ್ಯ ಕಡಿಮೆ ಅಂತ ಇದ್ದಿದ್ದರೆ ಇದು ಯಾವಾಗಲೋ ಸತ್ತಿರಬೇಕಿತ್ತು.

ಪಾಠದಮೇಷ್ಟ್ರು, ಮಣಿಪಾಲ

ಒಂದೆರಡು ಹಕ್ಕಿ ನೂರು ದಾಟಿದ ಅಜ್ಜಿಯರ ಹಾಗಿದ್ದರೆ ಅದರಿಂದ ಊರಿಗೆಲ್ಲ ನಿಯಮ ಕಟ್ಟಲಿಕ್ಕೆ ಆಗುವುದಿಲ್ಲ. ಆದರೆ ಗಿಡುಗನಕಣ್ಣು ಹಿಡಿದ ದಾರಿ ಸರಿ. ನಾನು ಕಾಲೇಜಲ್ಲಿ ಶರೀರಶಾಸ್ತ್ರ ಪಾಠ ಮಾಡುವವ, ಸ್ವಲ್ಪ ಉದ್ದ ಬರೀತೇನೆ, ಸಹಿಸಿಕೊಳ್ಳಿ.

ಮೊದಲು ಹಕ್ಕಿಯ ಮೈಯಲ್ಲಿ ಒತ್ತಡ ಹೇಗೆ ಕೆಲಸ ಮಾಡ್ತದೆ ನೋಡುವ. ಗಿಡುಗ ಮೇಲಿಂದ ಎರಗಿತು ಅಂತಿಟ್ಟುಕೊಳ್ಳಿ. ಮೆದುಳಿನ ಹೈಪೋಥಲಮಸ್ ಎಂಬ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸ್ತದೆ, ಪಿಟ್ಯುಟರಿ ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸ್ತದೆ, ಅಲ್ಲಿಂದ ಕಾರ್ಟಿಕೋಸ್ಟೆರೋನ್ ಎಂಬ ಹಾರ್ಮೋನು ರಕ್ತಕ್ಕೆ ಇಳೀತದೆ. ಮನುಷ್ಯರಲ್ಲಿ ಕಾರ್ಟಿಸೋಲ್ ಮಾಡುವ ಕೆಲಸ ಹಕ್ಕಿಗಳಲ್ಲಿ ಇದರದ್ದು. ಬಲೆಗೆ ಬಿದ್ದ ಹಕ್ಕಿಯ ಸಹಜ ಮಟ್ಟ ಎಷ್ಟು ಅಂತ ತಿಳಿಯಬೇಕಾದರೆ ಸುಮಾರು ಮೂರು ನಿಮಿಷದೊಳಗೆ ರಕ್ತದ ಹನಿ ತೆಗೆಯಬೇಕು. ತಡವಾದರೆ ಹಿಡಿದದ್ದರ ಗಾಬರಿಯೇ ಅಳತೆಯಲ್ಲಿ ಬಂದುಬಿಡ್ತದೆ.

ಈ ಹಾರ್ಮೋನು ಕೆಟ್ಟದ್ದಲ್ಲ. ಸಕ್ಕರೆ, ಕೊಬ್ಬು ಹೊರಗೆ ತೆಗೆದು ಸ್ನಾಯುಗಳಿಗೆ ಕೊಡ್ತದೆ. ಮೊಟ್ಟೆ, ಮರಿ, ರೋಗನಿರೋಧದ ಕೆಲಸವನ್ನೆಲ್ಲ ಸದ್ಯಕ್ಕೆ ಬದಿಗಿಡು, ಮೊದಲು ಜೀವ ಉಳಿಸಿಕೋ ಅಂತ ಮೈಗೆ ಹೇಳ್ತದೆ. ಜಾನ್ ವಿಂಗ್‌ಫೀಲ್ಡ್ ಎಂಬ ವಿಜ್ಞಾನಿ ಇದನ್ನು ತುರ್ತುಸ್ಥಿತಿಯ ಒಂದು ಹಂತ ಎಂದೇ ಕರೆದರು. ಅಪಾಯ ಹೋದ ಮೇಲೆ ಮಟ್ಟ ಇಳೀಬೇಕು. ಇಳಿದರೆ ಹಕ್ಕಿಗೆ ನಷ್ಟ ಇಲ್ಲ. ವಲಸೆಯ ಮೊದಲು ಈ ಮಟ್ಟ ಹಿತವಾಗಿ ಏರಿ ಹಕ್ಕಿ ಹೊಟ್ಟೆಬಾಕನ ಹಾಗೆ ತಿನ್ನುವುದಕ್ಕೂ ಸಹಾಯ ಆಗ್ತದೆ. ತೊಂದರೆ ಬರುವುದು ಏರಿದ್ದು ಇಳಿಯದೆ ವಾರಗಟ್ಟಲೆ ಮೇಲೆಯೇ ನಿಂತಾಗ. ಆಗ ಕೊಬ್ಬು ಮುಗಿದು ಎದೆಯ ಸ್ನಾಯುವೇ ಕರಗ್ತದೆ, ಸೋಂಕು ತಡೆಯುವ ಶಕ್ತಿ ಹೋಗ್ತದೆ, ಜೀವಕೋಶಗಳಿಗೆ ಆಗುವ ಹಾನಿಯ ರಿಪೇರಿ ಹಿಂದೆ ಬೀಳ್ತದೆ.

ಮರಳದಿಬ್ಬದವರೇ, ವಲಸೆಯನ್ನು ನಾವು ಕಷ್ಟ ಅಂತ ನೋಡ್ತೇವೆ. ಹಕ್ಕಿಯ ಮೈ ಅದಕ್ಕೆ ತಿಂಗಳುಗಟ್ಟಲೆ ತಯಾರಾಗ್ತದೆ. ಅಲಾಸ್ಕದಲ್ಲಿ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಹಕ್ಕಿಗಳು ಶಾಂತಸಾಗರದ ಮೇಲೆ ಹಾರಲಿಕ್ಕೆ ಆಗಷ್ಟೇ ಹೊರಟು, ಒಂದು ರೇಡಾರ್ ಗುಮ್ಮಟಕ್ಕೆ ಬಡಿದು ಸತ್ತವು. ಅವನ್ನು ಕೊಯ್ದು ನೋಡಿದರೆ ಮೈತೂಕದ ಅರ್ಧಕ್ಕಿಂತ ಹೆಚ್ಚು ಬರೀ ಕೊಬ್ಬು! ಜಠರ, ಯಕೃತ್ತು, ಮೂತ್ರಪಿಂಡ, ಕರುಳು ಎಲ್ಲ ಚಿಕ್ಕದಾಗಿತ್ತು. ದಾರಿಯಲ್ಲಿ ತಿನ್ನಲಿಕ್ಕಿಲ್ಲ, ಮತ್ತೆ ಆ ಭಾರ ಹೊರುವುದು ಯಾಕೆ? 1998ರಲ್ಲಿ ಪಿಯರ್ಸ್ಮಾ ಮತ್ತು ಗಿಲ್ ಇದನ್ನು ಬರೆದರು. ಎರಡು ವರ್ಷದ ನಂತರ ಆಸ್ಟ್ರೇಲಿಯದಿಂದ ಚೀನಾಕ್ಕೆ 5,400 ಕಿ.ಮೀ. ಹಾರಿದ ಗ್ರೇಟ್ ನಾಟ್‌ಗಳನ್ನು ನೋಡಿದಾಗ ಹಾರಾಟದಲ್ಲಿ ಕುಗ್ಗದೆ ಉಳಿದದ್ದು ಮೆದುಳು ಮತ್ತು ಶ್ವಾಸಕೋಶ ಮಾತ್ರ. ಉಳಿದ ಅಂಗಗಳೆಲ್ಲ ಸ್ವಲ್ಪ ಸ್ವಲ್ಪ ಕರಗಿ ಇಂಧನವಾಗಿ, ಕುಡಿಯುವ ನೀರಾಗಿ ಖರ್ಚಾಗಿತ್ತು. ಪ್ರೋಟೀನು ಕರಗಿದರೆ ನೀರೂ ಸಿಗ್ತದೆ, ಕಡಲ ಮೇಲೆ ಕುಡಿಯಲಿಕ್ಕೆ ಬೇರೆ ಎಂತ ಉಂಟು? ತಲುಪಿದ ಮೇಲೆ ತಿಂದು ತಿಂದು ಎಲ್ಲವನ್ನೂ ಪುನಃ ಬೆಳೆಸಿಕೊಳ್ತವೆ.

2022ರ ಅಕ್ಟೋಬರಿನಲ್ಲಿ ಐದು ತಿಂಗಳು ಪ್ರಾಯದ ಒಂದು ಗಾಡ್‌ವಿಟ್ ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ 13,560 ಕಿ.ಮೀ.ಯನ್ನು ಎಲ್ಲಿಯೂ ಇಳಿಯದೆ ಹನ್ನೊಂದು ದಿನದಲ್ಲಿ ಮುಗಿಸಿತು. ದಾರಿ ತೋರಿಸುವ ಅನುಭವ ಅದಕ್ಕೆ ಇರಲಿಲ್ಲ, ಅದೇ ಅದರ ಮೊದಲ ಪ್ರಯಾಣ.

ಬಿಎಸ್ಸಿಉಡುಪಿ, ಉಡುಪಿ

ಸರ್, ಅಷ್ಟು ದಿನ ಆಮ್ಲಜನಕ ಉರಿಸಿದರೆ ಅದರಿಂದ ಹುಟ್ಟುವ ಹಾನಿಕಾರಕ ಕಣಗಳು, ಅಂದರೆ ಫ್ರೀ ರ್‍ಯಾಡಿಕಲ್ಸ್ ಜಾಸ್ತಿ ಆಗಿ ಜೀವಕೋಶ ಹಾಳಾಗುವುದಿಲ್ವಾ? ನಮಗೆ ಪಾಠದಲ್ಲಿ ಹಾಗೇ ಉಂಟು. ಟೆಲೊಮಿಯರ್ ಬಗ್ಗೆಯೂ ಹೇಳಿ.

ಪಾಠದಮೇಷ್ಟ್ರು, ಮಣಿಪಾಲ

ಆಗ್ತದೆ. 2008ರಲ್ಲಿ ಕೋಸ್ಟಾಂಟಿನಿ ಮತ್ತು ಜೊತೆಯವರು ಮನೆಗೆ ಮರಳುವ ಪಾರಿವಾಳಗಳನ್ನು ಸುಮಾರು 200 ಕಿ.ಮೀ. ಹಾರಿಸಿ ರಕ್ತ ನೋಡಿದರು. ಆ ಕಣಗಳು ಮಾಡುವ ಆಕ್ಸಿಡೇಶನ್ ಹಾನಿಯ ಗುರುತು ಶೇ. 54 ಏರಿತ್ತು, ಅದನ್ನು ತಡೆಯುವ ಶಕ್ತಿ ಶೇ. 19 ಇಳಿದಿತ್ತು. ಮುದಿ ಪಾರಿವಾಳಗಳಿಗೆ ಪೆಟ್ಟು ಹೆಚ್ಚು.

ಆದರೆ ಹಕ್ಕಿಗಳ ಮೈ ಒಂದು ದೊಡ್ಡ ಒಗಟು. ಮೈ ಬಿಸಿ 40-42 ಡಿಗ್ರಿ, ರಕ್ತದ ಸಕ್ಕರೆ ಅಷ್ಟೇ ಗಾತ್ರದ ಸಸ್ತನಿಯ ಎರಡರಿಂದ ನಾಲ್ಕು ಪಟ್ಟು. ಮನುಷ್ಯನಿಗೆ ಆ ಸಕ್ಕರೆ ಇದ್ದರೆ ಡಾಕ್ಟ್ರು ಅಡ್ಮಿಟ್ ಮಾಡ್ತಾರೆ. ಆದರೂ ಇಲಿ ನಾಲ್ಕು ವರ್ಷ ಬದುಕಿದರೆ ಹೆಚ್ಚು, ಪಾರಿವಾಳ ಮೂವತ್ತೈದರವರೆಗೂ ಹೋಗಬಹುದು. ಕಾರಣಗಳಲ್ಲಿ ಒಂದು, ಪಾರಿವಾಳದ ಮೈಟೊಕಾಂಡ್ರಿಯ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ) ಇಲಿಯದ್ದಕ್ಕಿಂತ ಕಡಿಮೆ ಪೆರಾಕ್ಸೈಡ್ ಸೋರಿಸ್ತದೆ. ಅಂದರೆ ಉರಿಯುವುದು ಹೆಚ್ಚು, ಹೊಗೆ ಕಡಿಮೆ.

ಟೆಲೊಮಿಯರ್ ಅಂದರೆ ವರ್ಣತಂತುಗಳ ಎರಡು ತುದಿಯಲ್ಲಿ ಮತ್ತೆ ಮತ್ತೆ ಬರುವ ಡಿಎನ್‌ಎ ತುಂಡು. ಟಿಟಿಎಜಿಜಿಜಿ ಎಂಬ ಅದೇ ಅಕ್ಷರ ಸಾಲು ನಮ್ಮಲ್ಲೂ ಉಂಟು, ಕಾಗೆಯಲ್ಲೂ ಉಂಟು. ಜೀವಕೋಶ ಒಡೆದು ಎರಡಾದಾಗಲೆಲ್ಲ ಅದು ಸ್ವಲ್ಪ ಗಿಡ್ಡ ಆಗ್ತದೆ, ಆಕ್ಸಿಡೇಶನ್ ಹಾನಿಯಿಂದ ಇನ್ನಷ್ಟು. ಇದರ ಕೆಲಸ ಕಂಡುಹಿಡಿದ ಬ್ಲ್ಯಾಕ್‌ಬರ್ನ್, ಗ್ರೈಡರ್, ಶೋಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಹಕ್ಕಿಗಳಲ್ಲಿ ಇದನ್ನು ಅಳೆಯುವುದು ಸುಲಭ, ಯಾಕೆಂದರೆ ಅವುಗಳ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಉಂಟು, ನಮ್ಮದರಲ್ಲಿ ಇಲ್ಲ. ರೆಕ್ಕೆಯ ರಕ್ತನಾಳದಿಂದ ಒಂದು ಹನಿ ಸಾಕು. 2012ರಲ್ಲಿ ಗ್ಲಾಸ್ಗೋದ ತಂಡ ಪುಟ್ಟ ಹಕ್ಕಿಗಳಾದ ಜೀಬ್ರಾ ಫಿಂಚ್‌ಗಳನ್ನು ಹುಟ್ಟಿನಿಂದ ಸಾವಿನವರೆಗೆ ಹಿಂಬಾಲಿಸಿ, 25 ದಿನದ ಮರಿಯಾಗಿದ್ದಾಗಿನ ಟೆಲೊಮಿಯರ್ ಉದ್ದವೇ ಅದರ ಆಯುಷ್ಯವನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸ್ತದೆ ಅಂತ ತೋರಿಸಿತು.

ಮರಳದಿಬ್ಬ, ಮಂಗಳೂರು

ಅಂದರೆ ವಲಸೆ ಹಕ್ಕಿಯದ್ದನ್ನೂ ಊರಲ್ಲೇ ಇರುವ ಹಕ್ಕಿಯದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಯಾರಾದರೂ ಇದ್ದಾರಾ? ಅದೇ ನನ್ನ ಪ್ರಶ್ನೆ.

ಪಾಠದಮೇಷ್ಟ್ರು, ಮಣಿಪಾಲ

ಇದ್ದಾರೆ. ಅಮೆರಿಕದ ಜಂಕೋ ಎಂಬ ಗುಬ್ಬಿಜಾತಿಯ ಹಕ್ಕಿಯಲ್ಲಿ ಕೆಲವು ಗುಂಪು ವಲಸೆ ಹೋಗ್ತದೆ, ಕೆಲವು ಊರು ಬಿಡುವುದಿಲ್ಲ. ಚಳಿಗಾಲದಲ್ಲಿ ಎರಡೂ ಒಂದೇ ಜಾಗದಲ್ಲಿ ಮೇಯ್ತವೆ. 2016ರಲ್ಲಿ ಅಳೆದಾಗ ವಲಸೆ ಗುಂಪಿನ ಟೆಲೊಮಿಯರ್ ಗಿಡ್ಡ ಇತ್ತು. ನಿಮ್ಮ ಲಾರಿ ಡ್ರೈವರಿನ ವಾದಕ್ಕೆ ಇದು ಒಂದು ಅಂಕ.

ಎದುರು ಬದಿಗೂ ಅಂಕ ಉಂಟು. ಉತ್ತರ ಅಮೆರಿಕದ ತಂಪು ಕಾಡಿನ ಹತ್ತಾರು ಜಾತಿಗಳನ್ನು ಹೋಲಿಸಿ ವಿಂಗರ್ ಮತ್ತು ಪೆಗನ್ 2021ರಲ್ಲಿ ಬರೆದದ್ದು ಬೇರೆಯೇ. ಅಲ್ಲಿ ಹೆಚ್ಚು ದೂರ ಹೋಗುವ ಜಾತಿಗಳೇ ಕಡಿಮೆ ಮೊಟ್ಟೆ ಇಟ್ಟು ಹೆಚ್ಚು ವರ್ಷ ಬದುಕ್ತವೆ. ಹತ್ತಿರವೇ ಉಳಿದು ಹಿಮ ಚಳಿ ಸಹಿಸುವವು ಹೆಚ್ಚು ಮರಿ ಮಾಡಿ ಬೇಗ ಸಾಯ್ತವೆ. ಬೆಚ್ಚಗಿನ ಊರಿಗೆ ಹೋಗುವ ಖರ್ಚು ಒಂದು ಕಡೆ, ಹೋಗದೆ ಉಳಿಯುವ ಖರ್ಚು ಇನ್ನೊಂದು ಕಡೆ. ನಾವು ಮೊದಲಿನದ್ದನ್ನು ಮಾತ್ರ ಲೆಕ್ಕ ಹಾಕ್ತೇವೆ.

ಗಿಡುಗನಕಣ್ಣು, ಉಳ್ಳಾಲ

ಸರ್, ಒಂದು ಸೇರಿಸ್ತೇನೆ. ಮುಪ್ಪು ಬೇರೆ, ಸಾವು ಬೇರೆ. ಬ್ಲ್ಯಾಕ್-ಥ್ರೋಟೆಡ್ ಬ್ಲೂ ವಾರ್ಬ್ಲರ್ ಎಂಬ ಹಕ್ಕಿಯಲ್ಲಿ ವರ್ಷದ ಒಟ್ಟು ಸಾವಿನ ಶೇ. 85ಕ್ಕಿಂತ ಹೆಚ್ಚು ವಲಸೆಯ ದಾರಿಯಲ್ಲೇ ಆಗ್ತದೆ ಅಂತ 2002ರ ಲೆಕ್ಕ. ಬಿರುಗಾಳಿ, ಹಸಿವೆ, ಗಿಡುಗ. ಅಂಥವು ಮುದಿಯಾಗಿ ಸಾಯುವುದಲ್ಲ, ಮುದಿಯಾಗಲಿಕ್ಕೆ ಪುರುಸೊತ್ತೇ ಇಲ್ಲ.

ಕೋಡಿಕಡೆಯವ, ಕುಂದಾಪುರ

ಹ್ವಾಯ್, ಅಮೆರಿಕದ್ದೇ ಆಯ್ತಲೆ. ನಮ್ಮ ಕೋಡಿ ಬದಿಯಂಗೆ ಒಂದ್ ಸಂಗ್ತಿ ನಾ ಕಂಡದ್ದ್ ಹೇಳ್ತೆ. ಇಳಿತದ್ ಹೊತ್ತಿಗೆ ಹೆಂಗ್ಸ್ರ್ ಬಗ್ಗಿ ಬಗ್ಗಿ ಮಳಿ (ಕಪ್ಪೆಚಿಪ್ಪ್) ಹೆಕ್ಕ್ತಾ ಇರ್ತ್ರ್, ಅವ್ರ್ ಪಕ್ಕದಂಗೇ ಈ ಹಕ್ಕಿ ಮೇಯ್ತಾ ಇರತ್ತ್. ಹೆದ್ರುದೇ ಇಲ್ಲ. ಒಂದ್ ನಾಯಿ ಓಡಿ ಬಂದ್ರೆ ಸಾಕ್, ಇಡೀ ಹಿಂಡ್ ಎದ್ದ್ ಅಳಿವೆ ಆಚಿ ಬದಿಗೆ ಹೋಯ್ ಆತ್ತ್. ಅದ್ ಯಾಕೆ?

ಗಿಡುಗನಕಣ್ಣು, ಉಳ್ಳಾಲ

ಸರಿಯಾದ ಜಾಗಕ್ಕೆ ಬಂದಿರಿ ಅಣ್ಣ. ಇಲ್ಲಿ ಉಳ್ಳಾಲ-ಬೆಂಗ್ರೆ ಬದಿಯಲ್ಲೂ ನಾನು ಅದನ್ನೇ ನೋಡುವುದು. ಮರುವಾಯಿ, ಅಂದರೆ ನಿಮ್ಮ ಮಳಿ, ಹೆಕ್ಕುವವರು ನಿಧಾನಕ್ಕೆ, ಒಂದೇ ಕಡೆ, ನೆಲ ನೋಡಿಕೊಂಡು ಇರ್ತಾರೆ. ಹಕ್ಕಿ ಅವರನ್ನು ಬೇಟೆಗಾರ ಅಂತ ಎಣಿಸುವುದಿಲ್ಲ. ಓಡುವ ನಾಯಿ, ನೇರ ನುಗ್ಗುವ ಬೈಕು, ಫೋಟೋಕ್ಕೆ ಅಂತ ಹಿಂಡಿನ ಮಧ್ಯಕ್ಕೆ ಓಡುವ ಮಕ್ಕಳು, ತಲೆ ಮೇಲೆ ಡ್ರೋನು, ಇವೆಲ್ಲ ಅದರ ಕಣ್ಣಿಗೆ ಗಿಡುಗ ಮತ್ತು ನರಿ.

ಇಳಿತದ ಹೊತ್ತಿಗೆ ಮೇಯಲಿಕ್ಕೆ ಜಾಗ ಬೇಕಷ್ಟು ಉಂಟು, ಎದ್ದು ಬೇರೆ ಕಡೆ ಕೂತುಕೊಳ್ತವೆ. ಉಬ್ಬರದ ಹೊತ್ತಿಗೆ ಹಾಗಲ್ಲ. ನೀರು ಏರಿದಾಗ ಹಿಂಡೆಲ್ಲ ಸೇರಿ ಮರಳಿನ ಒಂದು ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತು ನಿದ್ದೆ ಮಾಡ್ತವೆ, ತಿಂದದ್ದು ಅರಗಿಸ್ತವೆ. ಅಲ್ಲಿಂದ ಎಬ್ಬಿಸಿದರೆ ಹೋಗಲಿಕ್ಕೆ ಇನ್ನೊಂದು ಜಾಗ ಇಲ್ಲ. ಸುತ್ತು ಹಾರಿ ಹಾರಿ ಅಲ್ಲಿಗೇ ಬರಬೇಕು. ಸಸಿಹಿತ್ಲಲ್ಲಿ ಶಾಂಭವಿ ನಂದಿನಿ ಸೇರುವ ಮೂಲೆ, ಕೋಡಿ ಬೆಂಗ್ರೆಯಲ್ಲಿ ಸುವರ್ಣಾ ಸೀತಾ ಕಡಲಿಗೆ ಇಳಿಯುವ ತುದಿ, ಇವು ಅಂಥ ಜಾಗಗಳು. ಜನರಿಗೂ ಸೂರ್ಯಾಸ್ತ ನೋಡಲಿಕ್ಕೆ ಅದೇ ತುದಿ ಬೇಕು!

ಪಾಠದಮೇಷ್ಟ್ರು, ಮಣಿಪಾಲ

ಇದಕ್ಕೆ ನೇರ ಹೊಂದುವ ಒಂದು ಅಧ್ಯಯನ ಉಂಟು, ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಅದೇ. ಅಮೆರಿಕನ್ ರೆಡ್‌ಸ್ಟಾರ್ಟ್ ಎಂಬ ಸಣ್ಣ ಹಕ್ಕಿ ಚಳಿಗಾಲಕ್ಕೆ ಜಮೈಕಾಕ್ಕೆ ಹೋಗ್ತದೆ. ಅಲ್ಲಿ ಬಲವುಳ್ಳವು ಕಾಂಡ್ಲಾ ಕಾಡು ಹಿಡಿದುಕೊಳ್ತವೆ, ಉಳಿದವು ಒಣ ಕುರುಚಲಿಗೆ ಹೋಗ್ತವೆ. ಕುರುಚಲಲ್ಲಿ ಮಳೆ ನಿಂತ ಮೇಲೆ ಹುಳ ಸಿಗುವುದಿಲ್ಲ. ಅಲ್ಲಿ ಇದ್ದವುಗಳ ತೂಕ ಇಳೀತದೆ, ವಾಪಸ್ ಹೊರಡುವ ಹೊತ್ತಿಗೆ ಕಾರ್ಟಿಕೋಸ್ಟೆರೋನ್ ಗತಿ ಕೆಡ್ತದೆ, ಹೊರಡುವುದೂ ತಡ. 2013ರಲ್ಲಿ ಅಂಜೆಲಿಯೆ ಮತ್ತು ಜೊತೆಯವರು ಅವುಗಳ ಟೆಲೊಮಿಯರ್ ನೋಡಿದರು. ಕೆಟ್ಟ ಜಾಗದಲ್ಲಿ ಚಳಿಗಾಲ ಕಳೆದವುಗಳದ್ದು ಹೆಚ್ಚು ಸವೆದಿತ್ತು. ಗಿಡ್ಡ ಆದವು ಮರುವರ್ಷ ವಾಪಸ್ ಬರುವುದೂ ಕಡಿಮೆ.

ಎರಡು ಕಡೆಯವೂ ಒಂದೇ ಜಾತಿ, ಹಾರಿದ್ದು ಒಂದೇ ಕಡಲು. ಹಾಗಾಗಿ ಇಲ್ಲಿ ವ್ಯತ್ಯಾಸ ಮಾಡಿದ್ದು ಹಾರಾಟ ಅಲ್ಲ, ಚಳಿಗಾಲ ಕಳೆದ ಜಾಗ. ಆದ್ದರಿಂದ ಮೂಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಹಾರಾಟಕ್ಕೆ ಹಕ್ಕಿ ತಯಾರಾಗಿಯೇ ಬಂದಿರ್ತದೆ. ಅದನ್ನು ಸವೆಸುವುದು ಹಾರಿ ಬಂದ ಮೇಲೆ ತಿನ್ನಲಿಕ್ಕೆ, ಮಲಗಲಿಕ್ಕೆ ಬಿಡದ ಜಾಗ. ಸೆಪ್ಟೆಂಬರಿಂದ ಏಪ್ರಿಲಿನವರೆಗೆ ಆ ಜಾಗ ನಮ್ಮ ಕಡಲತಡಿ.

ಬೀಚ್‌ಅಂಗಡಿ, ಪಣಂಬೂರು

ಬಂತು ನೋಡಿ, ಕೊನೆಗೆ ಎಲ್ಲ ತಪ್ಪೂ ಬೀಚಲ್ಲಿ ಹೊಟ್ಟೆ ಹೊರೆಯುವವರದ್ದು. ಚರುಮುರಿ ಮಾರುವವ, ಕುದುರೆ ಸವಾರಿಯವ, ಎಲ್ಲರೂ ಹಕ್ಕಿಯ ಆಯುಷ್ಯ ಕದಿಯುವವರು. ಹಡಗು, ಬಂದರು, ಕಾರ್ಖಾನೆ, ಕಡಲ್ಕೊರೆತಕ್ಕೆ ಹಾಕಿದ ಕಲ್ಲು, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮರಳದಿಬ್ಬ, ಮಂಗಳೂರು

ಅಣ್ಣ, ಯಾರೂ ನಿಮ್ಮನ್ನು ಬೈಲಿಲ್ಲ. ಕಲ್ಲು ಹಾಕಿದ ಕಡೆ ಮರಳೇ ಉಳಿಯುವುದಿಲ್ಲ, ಅಲ್ಲಿ ಹಕ್ಕಿ ಕೂರುವುದೆಲ್ಲಿ? ಆ ಮಾತು ನಿಮ್ಮದು ನೂರಕ್ಕೆ ನೂರು ಸರಿ.

ಗಿಡುಗನಕಣ್ಣು, ಉಳ್ಳಾಲ

ಅಂಗಡಿ ಇರುವ ಕಡೆ ಈ ಹಕ್ಕಿ ಬರುವುದೇ ಇಲ್ಲ ಅಣ್ಣ, ಅಲ್ಲಿ ಕಾಗೆಯದ್ದೇ ರಾಜ್ಯ. ಹಕ್ಕಿಗೆ ಬೇಕಾದ್ದು ಅಂಗಡಿ ಮುಗಿದ ಮೇಲೆ ಬರುವ ಕೊನೆಯ ತುದಿ ಮಾತ್ರ, ಅದೂ ಉಬ್ಬರದ ಎರಡು ಮೂರು ಗಂಟೆ. ಇಡೀ ಬೀಚು ಯಾರೂ ಕೇಳ್ತಾ ಇಲ್ಲ. ಇನ್ನು ಅಂಗಡಿಯ ಉಳಿದ ಮೀನು, ಅನ್ನ ಬಿಸಾಡಿದರೆ ನಾಯಿ ಸೇರ್ತವೆ, ಅದೊಂದು ನಿಮ್ಮ ಕೈಯಲ್ಲಿ ಉಂಟು.

ಬಿಎಸ್ಸಿಉಡುಪಿ, ಉಡುಪಿ

ನಗರದ ಗದ್ದಲವೂ ಲೆಕ್ಕಕ್ಕೆ ಬರ್ತದಾ ಸರ್? ನಮ್ಮ ಮನೆ ಹೈವೇ 66ರ ಪಕ್ಕ. ಹಾರ್ನ್ ನಿಲ್ಲುವುದಿಲ್ಲ.

ಪಾಠದಮೇಷ್ಟ್ರು, ಮಣಿಪಾಲ

ಬರ್ತದೆ. ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಮರಿಗಳನ್ನು ಹಳ್ಳಿಯ ಗೂಡಿಗೂ ಪೇಟೆಯ ಗೂಡಿಗೂ ಅದಲುಬದಲು ಮಾಡಿ ಬೆಳೆಸಿದರು. ಅಪ್ಪ-ಅಮ್ಮ ಯಾವ ಕಡೆಯವರಾದರೂ ಪೇಟೆಯಲ್ಲಿ ಬೆಳೆದ ಮರಿಯ ಟೆಲೊಮಿಯರ್ ಗಿಡ್ಡ. 2016ರ ಕೆಲಸ ಅದು. ಗದ್ದಲ ಒಂದೇ ಕಾರಣ ಅಂತಲ್ಲ, ದೀಪ, ಹೊಗೆ, ಆಹಾರ ಎಲ್ಲ ಸೇರಿ.

ರೋಗವೂ ಹೀಗೇ. ಸ್ವೀಡನ್ನಿನಲ್ಲಿ ಮರಿ ಮಾಡಿ ಆಫ್ರಿಕಕ್ಕೆ ಹೋಗುವ ಗ್ರೇಟ್ ರೀಡ್ ವಾರ್ಬ್ಲರಿಗೆ ಅಲ್ಲಿ ಹಕ್ಕಿಮಲೇರಿಯಾ ಹತ್ತಿಕೊಳ್ತದೆ. ಸಾಯುವುದಿಲ್ಲ, ನೋಡಲಿಕ್ಕೆ ಗಟ್ಟಿಯಾಗಿಯೇ ಇರ್ತದೆ. ರಕ್ತದಲ್ಲಿ ಸಣ್ಣಗೆ ಸೋಂಕು ಉಳಿದು ವರ್ಷ ವರ್ಷ ಟೆಲೊಮಿಯರ್ ಬೇಗ ಸವೆಸ್ತದೆ, ಮರಿ ಕಡಿಮೆ, ಆಯುಷ್ಯ ಕಡಿಮೆ. 2015ರಲ್ಲಿ ಇದು ಹೊರಬಂದಾಗ, ಹಗುರದ ಸೋಂಕು ಏನೂ ಮಾಡುವುದಿಲ್ಲ ಎಂಬ ಹಳೆಯ ನಂಬಿಕೆ ಬಿತ್ತು.

ಪಶುವೈದ್ಯ, ಕಾರ್ಕಳ

ತಡವಾಗಿ ಬಂದೆ. ನಾನು ನೋಡುವುದು ಕೋಳಿ, ದನ. ಕೋಳಿಯಲ್ಲಿ ಒತ್ತಡ ಅಳೆಯಲಿಕ್ಕೆ ನಮಗೆ ಹಾರ್ಮೋನು ಪರೀಕ್ಷೆಯೇ ಬೇಕಂತಿಲ್ಲ. ರಕ್ತದ ಒಂದು ಸ್ಲೈಡಲ್ಲಿ ಬಿಳಿ ರಕ್ತಕಣಗಳ ಪೈಕಿ ಹೆಟೆರೊಫಿಲ್ ಎಷ್ಟು, ಲಿಂಫೊಸೈಟ್ ಎಷ್ಟು ಅಂತ ಎಣಿಸಿದರೆ ಆಯ್ತು. ಕೋಳಿ ತುಂಬ ಹೊತ್ತಿನಿಂದ ಕಷ್ಟದಲ್ಲಿದ್ದರೆ ಮೊದಲಿನದ್ದು ಏರ್ತದೆ, ಎರಡನೆಯದ್ದು ಇಳೀತದೆ. 1983ರಲ್ಲಿ ಗ್ರಾಸ್ ಮತ್ತು ಸೀಗಲ್ ಕೋಳಿಯಲ್ಲೇ ಇದನ್ನು ತೋರಿಸಿದ್ದು, ಈಗ ಕಾಡುಹಕ್ಕಿಯವರೂ ಅದನ್ನೇ ಬಳಸ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆಯ ಫಾರಮ್ಮಿನಲ್ಲಿ ಬ್ರಾಯ್ಲರ್ ಬಾಯಿ ತೆರೆದು ಏದುಸಿರು ಬಿಡುವುದು ನೋಡಿದ್ದೀರಲ್ಲ? ಬೆವರುಗ್ರಂಥಿ ಇಲ್ಲ, ಬಾಯಿಯಿಂದಲೇ ಬಿಸಿ ಹೊರಗೆ ಹಾಕಬೇಕು. ನಮ್ಮ ಊರಿನ ತೇವಕ್ಕೆ ಅದೂ ಸರಿಯಾಗಿ ಆಗುವುದಿಲ್ಲ. ತಿನ್ನುವುದು ಬಿಡ್ತವೆ, ಆ ವಾರ ಬಂದ ರೋಗ ತಕ್ಷಣ ಹಿಡೀತದೆ.

ನಾನು ಬರೆಯಲಿಕ್ಕೆ ಕೂತದ್ದು ಬೇರೆ ವಿಷಯಕ್ಕೆ. ಮಳೆಗಾಲದಲ್ಲಿ ಗಾಳಿಗೆ ಸಿಕ್ಕಿ ಬೂಬಿ, ನಾಡ್ಡಿ, ಸೂಟಿ ಟರ್ನ್ ತರದ ನಡುಗಡಲಿನ ಹಕ್ಕಿಗಳು ಮಲ್ಪೆ, ಪಡುಬಿದ್ರಿ, ಸುರತ್ಕಲ್ ದಂಡೆಗೆ ಬಿದ್ದಿರ್ತವೆ. ಜನ ಪಾಪ ಅಂತ ಮನೆಗೆ ತಂದು ಬಾಯಿಗೆ ಬೂತಾಯಿ ಮೀನು ತುರುಕಿಸ್ತಾರೆ, ಮಕ್ಕಳೆಲ್ಲ ಸುತ್ತ ನಿಂತು ಮುಟ್ಟುತ್ತಾರೆ. ಹಕ್ಕಿ ರಾತ್ರಿ ಸಾಯ್ತದೆ. ಕೊಂದದ್ದು ಬಿರುಗಾಳಿ ಅಂತ ಎಲ್ಲರ ತೀರ್ಮಾನ.

ಎದೆಮೂಳೆ ಚೂರಿಯ ಅಂಚಿನ ಹಾಗೆ ಕೈಗೆ ಹತ್ತಿದರೆ ಅದು ತನ್ನ ಸ್ನಾಯುವನ್ನೇ ತಿಂದು ಮುಗಿಸಿದೆ ಅಂತ ಅರ್ಥ. ಮೇಷ್ಟ್ರು ಹೇಳಿದ ಹಾಗೆ ಕರುಳೂ ಕುಗ್ಗಿರ್ತದೆ. ಇಡೀ ಮೀನು ಅರಗಿಸುವ ಶಕ್ತಿ ಇರುವುದಿಲ್ಲ. ಗಾಳಿ ಆಡುವ ರಟ್ಟಿನ ಪೆಟ್ಟಿಗೆ, ಒಳಗೆ ಬಟ್ಟೆ, ಕತ್ತಲೆ, ಸದ್ದಿಲ್ಲದ ಕೋಣೆ. ಮೊದಲು ಇಷ್ಟೇ. ಕೊಕ್ಕಿಗೆ ನೀರು ಹೊಯ್ಯಬೇಡಿ, ಶ್ವಾಸನಾಳಕ್ಕೆ ಹೋಗ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಹತ್ತಿರದ ಪಶುವೈದ್ಯರಿಗೆ ತೋರಿಸಿ. ನಾವು ಮೊದಲು ಟ್ಯೂಬಲ್ಲಿ ದ್ರವ ಕೊಟ್ಟು ಮತ್ತೆ ಆಹಾರಕ್ಕೆ ಹೋಗುವುದು. ಉದ್ದ ಕಾಲಿನ ಹಕ್ಕಿಯನ್ನಂತೂ ಅಟ್ಟಿಸಿಕೊಂಡು ಹೋಗಿ ಹಿಡಿಯಲೇಬೇಡಿ. ಗಾಬರಿಯಲ್ಲಿ ಒದ್ದಾಡಿ ಕಾಲಿನ ಸ್ನಾಯುವೇ ಸತ್ತುಹೋಗ್ತದೆ, ಮತ್ತೆ ಅದು ನಿಲ್ಲುವುದಿಲ್ಲ.

ಗೋಳಿಬಜೆ, ಕದ್ರಿ

ಬೂತಾಯಿ ತಿಂದರೆ ಹಕ್ಕಿಗೂ ಹಾರ್ಟಿಗೆ ಒಳ್ಳೆಯದಾ ಡಾಕ್ಟ್ರೇ? ನಮ್ಮ ಮನೆಯಲ್ಲಿ ಅದನ್ನು ಹೇಳಿಯೇ ವಾರಕ್ಕೆ ಮೂರು ದಿನ ಪುಳಿಮುಂಚಿ.

ಪಾಠದಮೇಷ್ಟ್ರು, ಮಣಿಪಾಲ

ಡಾಕ್ಟರ ಬದಲಿಗೆ ನಾನು ಹೇಳ್ತೇನೆ, ಯಾಕೆಂದರೆ ಇದು ಭಾರಿ ಸ್ವಾರಸ್ಯದ್ದು. ಕೆನಡಾದ ಫಂಡಿ ಕೊಲ್ಲಿಯಲ್ಲಿ ಸೆಮಿಪಾಲ್ಮೇಟೆಡ್ ಸ್ಯಾಂಡ್‌ಪೈಪರ್ ಎಂಬ ಸಣ್ಣ ಹಕ್ಕಿ ದಕ್ಷಿಣ ಅಮೆರಿಕಕ್ಕೆ ಹೊರಡುವ ಮೊದಲು ಎರಡು ವಾರ ಕೆಸರಿನ ಒಂದು ಜಾತಿಯ ಸಣ್ಣ ಸಿಗಡಿ ತಿಂದು ತೂಕ ಇಮ್ಮಡಿ ಮಾಡಿಕೊಳ್ತದೆ. ಆ ಸಿಗಡಿಯಲ್ಲಿ ಒಮೆಗಾ-3 ಎಂಬ ಕೊಬ್ಬು, ಬೂತಾಯಿಯಲ್ಲಿ ಇರುವಂಥದ್ದೇ, ಭರ್ತಿ. ಅದು ಬರೀ ಇಂಧನ ಆಗಿ ಉಳಿಯುವುದಿಲ್ಲ, ಹಾರುವ ಸ್ನಾಯುವಿನ ಕೋಶದ ಪೊರೆಯೊಳಗೆ ಸೇರಿ ಕೊಬ್ಬು ಉರಿಸುವ ಸಾಮರ್ಥ್ಯವನ್ನೇ ಹೆಚ್ಚಿಸ್ತದೆ. ಕ್ರೀಡಾಪಟುಗಳು ಮದ್ದು ತೆಗೆದುಕೊಂಡರೆ ನಿಷೇಧ, ಇದಕ್ಕೆ ಇಲ್ಲ.

ಹಾಗಾಗಿ ಮಲ್ಪೆ ದೋಣಿಯಲ್ಲಿ ಕಡಲಹಕ್ಕಿಗಳಿಗೆ ಖಾರಾಕಡ್ಡಿ ಎಸೆಯುವವರು ಗಮನಿಸಿ. ಹೊಟ್ಟೆ ತುಂಬ್ತದೆ, ಟಿಬೆಟ್ಟಿಗೆ ವಾಪಸ್ ಹೋಗುವ ಸ್ನಾಯು ತಯಾರಾಗುವುದಿಲ್ಲ. ಎರಡೂ ಒಂದೇ ಅಲ್ಲ.

ಮರಳದಿಬ್ಬ, ಮಂಗಳೂರು

ಇನ್ನೊಂದು ಡೌಟು. ಮೇ ತಿಂಗಳ ಕೊನೆಗೂ, ಮಳೆ ಹಿಡಿದ ಮೇಲೂ ಕೆಲವು ಪ್ಲವರ್, ವಿಂಬ್ರೆಲ್ ಇಲ್ಲೇ ಕಾಣ್ತವೆ. ಅವು ಹೋಗಲಿಕ್ಕೆ ತಾಕತ್ತಿಲ್ಲದವಾ?

ಗಿಡುಗನಕಣ್ಣು, ಉಳ್ಳಾಲ

ಹೆಚ್ಚಿನವು ಮೊದಲ ವರ್ಷದ ಹುಡುಗರು. ಆ ವರ್ಷ ಮರಿ ಮಾಡುವುದಿಲ್ಲ, ಮತ್ತೆ ಅಷ್ಟು ದೂರ ಹೋಗಿ ಎಂತ ಮಾಡುವುದು ಅಂತ ಇಲ್ಲೇ ಉಳೀತವೆ. ನಡುನಡುವೆ ಸೊರಗಿದವೂ ಇರಬಹುದು. ಹಾಗಾಗಿ ಟೂರಿಸ್ಟ್ ಸೀಸನ್ ಮುಗಿದ ಮೇಲೂ ಆ ತುದಿ ಖಾಲಿ ಜಾಗ ಅಲ್ಲ.

ದಂಡೆಯಲ್ಲಿ ಬಿದ್ದ ಪುಕ್ಕ ಸಿಕ್ಕಿದರೆ ಬೆಳಕಿಗೆ ಹಿಡಿದು ನೋಡಿ. ಅಡ್ಡಕ್ಕೆ ಕೂದಲೆಳೆಯಷ್ಟು ತೆಳು, ಪಾರದರ್ಶಕ ಗೆರೆ ಕೆಲವದರಲ್ಲಿ ಇರ್ತದೆ. ಆ ಪುಕ್ಕ ಬೆಳೆಯುವ ದಿನಗಳಲ್ಲಿ ಹಕ್ಕಿ ಹಸಿದಿತ್ತು ಅಥವಾ ಬೆದರಿತ್ತು ಅಂತ ಅದರ ಅರ್ಥ. ಅಲ್ಲಿಯೇ ಪುಕ್ಕ ಮುರಿಯುವುದೂ ಹೆಚ್ಚು. ಕಾರ್ಟಿಕೋಸ್ಟೆರೋನನ್ನು ರಕ್ತ ಮುಟ್ಟದೆ ಪುಕ್ಕದಿಂದಲೇ ಅಳೆಯುವ ವಿಧಾನವೂ ಈಗ ಉಂಟು.

ಬೀಚ್‌ಅಂಗಡಿ, ಪಣಂಬೂರು

ಸರಿ. ಮೀನು ಬಿಸಾಡುವ ವಿಷಯ ನಮ್ಮ ಸಾಲಿನ ಅಂಗಡಿಯವರಿಗೆ ಹೇಳ್ತೇನೆ. ತುದಿಗೆ ಬೈಕು ಹೋಗದ ಹಾಗೆ ಮಾಡುವುದು ನನ್ನ ಕೈಯಲ್ಲಿಲ್ಲ. ಭಾನುವಾರ ಸಂಜೆ ಬಂದು ನೋಡಿ, ಪೊಲೀಸರ ಮಾತೇ ಕೇಳುವುದಿಲ್ಲ ಹುಡುಗರು.

ಕೋಡಿಕಡೆಯವ, ಕುಂದಾಪುರ

ಹ್ವಾಯ್ ಗಿಡುಗನಕಣ್ಣು, ಕಾಲಂಗೆ ಉಂಗ್ರ ಇಪ್ಪು ಹಕ್ಕಿ ಕಂಡ್ರೆ ಎಂತ ಮಾಡ್ಕ್? ಹೋದ್ ವರ್ಷ ಬಲೆಯಂಗೆ ಸಿಕ್ಕ್ ಸತ್ತದ್ ಒಂದಿತ್ತ್, ಉಂಗ್ರ ಹುಡ್ಗ್ರ್ ತೆಗ್ದ್ ಇಟ್ಕಂಡಿದ್ರ್.

ಗಿಡುಗನಕಣ್ಣು, ಉಳ್ಳಾಲ

ಅಯ್ಯೋ, ಆ ಉಂಗುರ ಇನ್ನೂ ಉಂಟಾ ಕೇಳಿ ನೋಡಿ ಅಣ್ಣ! ಅದರಲ್ಲಿ ಅಚ್ಚಾದ ಅಕ್ಷರ, ಅಂಕಿ ಎಲ್ಲ ಬಿಡದೆ ಬರೆದುಕೊಳ್ಳಿ, ಫೋಟೋ ತೆಗೀರಿ, ಸಿಕ್ಕಿದ ಜಾಗ ಮತ್ತು ತಾರೀಕು ಸೇರಿಸಿ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಬಿಎನ್‌ಎಚ್‌ಎಸ್‌ಗೆ ಕಳಿಸಿ. ಉಂಗುರ ಹಾಕಿದ್ದು ಯಾವ ದೇಶದಲ್ಲಿ, ಯಾವ ವರ್ಷ ಅಂತ ಅವರು ಹುಡುಕಿ ಹೇಳ್ತಾರೆ. ಜೀವಂತ ಹಕ್ಕಿಯ ಕಾಲಲ್ಲಿ ಬಣ್ಣದ ಪಟ್ಟಿ ಕಂಡರೆ ಹತ್ತಿರ ಹೋಗಬೇಡಿ. ಯಾವ ಕಾಲು, ಮಂಡಿಯ ಮೇಲೋ ಕೆಳಗೋ, ಯಾವ ಬಣ್ಣದ ಮೇಲೆ ಯಾವ ಬಣ್ಣ, ಅಷ್ಟು ದೂರದಿಂದಲೇ ನೋಡಿ ಬರೆದುಕೊಂಡರೆ ಸಾಕು.

ಕೋಡಿಕಡೆಯವ, ಕುಂದಾಪುರ

ಕೇಂಡೆ. ಒಬ್ಬ ಮಾಣಿ ಕೀಚೈನಿಗೆ ಹಾಕ್ಕಂಡಿದ್ದ ಅಂಬ್ರ್. ನಾಳೆ ಬಂದರಿಗೆ ಬತ್ತ, ಫೋಟೋ ತೆಗ್ದ್ ಇಲ್ಲೇ ಹಾಕ್ತೆ.